ಉಪ್ಪು ಕಮ್ಮಿ

ಬೀದರಿನ ದೊಡ್ಡ ದವಾಖಾನೆಯಲ್ಲಿ
ಎಕ್ಸ್‌ರೇ ಕೋಣೆ ದಾಟಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ
ನನ್ನ ಮೇಜು.
ಔಷಧಿ ಮಾಡಿದ ಕೇಡು ಬರೆದುಕೊಳ್ಳುವುದು ನನ್ನ ನೌಕರಿ.
ಮೈಮೇಲೆ ಗಂಧೆ ಎದ್ದವರು, ತಲೆ ತಿರುಗಿ ಬಿದ್ದವರು,
ರಾತ್ರಿಯಿಡೀ ಅಂಗಾಲು ಉರಿದವರು
ಸೆರಗಿನ ಗಂಟು ಬಿಚ್ಚಿ, ಖಾಲಿ ಗುಳಿಗೆ ಚೀಟಿಯನ್ನು
ನನ್ನ ಮುಂದಿಡುತ್ತಾರೆ, ಕಳ್ಳನನ್ನು ಹಿಡಿದು ತಂದವರಂತೆ.

ಫಾರ್ಮಿನ ತುಂಬ ಚೌಕ.
ಯಾವಾಗ ಶುರು, ಯಾವಾಗ ನಿಂತಿತು,
ಗುಣವಾಯಿತೆ, ಆಗುತ್ತಿದೆಯೆ, ಆಗಲಿಲ್ಲವೆ,
ತೀರಿಕೊಂಡರೆ.
ಹನ್ನೊಂದು ವರ್ಷದಲ್ಲಿ ಎಲ್ಲಕ್ಕೂ ಗುರುತು ಹಾಕಿದ್ದೇನೆ.

ಒಂದು ಸೋಮವಾರ ರಬ್ಬಾನಿಬಿ ಬಂದಳು, ಗಂಡನ ತೋಳು ಹಿಡಿದು.
ಮಕ್ದೂಮಸಾಬ, ಬಿದ್ರಿ ಕೆಲಸದವನು.
ಕಾಲಿನ ಹುಣ್ಣಿಗೆ ಇಪ್ಪತ್ತೊಂದು ದಿನದ ಗುಳಿಗೆ.
ದೂರು: ಬಾಯಲ್ಲಿ ಸತುವಿನ ರುಚಿ.

"ಕ್ವಾಟಿ ಮಣ್ಣು ನಾಲಿಗಿ ಮ್ಯಾಲಿಟ್ಟೇ ಆರಿಸ್ತೀವ್ರಿ ನಾವು.
ಬಿಸಲು ಮಳಿ ಕಂಡ ಮಣ್ಣು ಬ್ಯಾರೆ, ಕಾಣದ್ದು ಬ್ಯಾರೆ.
ಈಗ ಎಲ್ಲಾ ಒಂದೇ ಥರ.
ಹೂಜಿ ಹ್ಯಾಂಗ ಕಪ್ಪು ಮಾಡ್ಲಿ?"

ರುಚಿ ವ್ಯತ್ಯಾಸ, ಎಂದು ಬರೆದೆ. ತೀವ್ರತೆ: ಸಾಧಾರಣ.
ಅವನಿಗದು ಕಣ್ಣು ಹೋದಷ್ಟು. ಅದಕ್ಕೆ ಚೌಕವಿಲ್ಲ.

ಗಂಡ ಹೊರಗೆ ಹೋದಮೇಲೆ ಅವಳು ತಿರುಗಿ ಬಂದಳು.
"ಇನ್ನೊಂದು ಅದಾ ರೀ. ಹೇಳ್ಲೋ ಬ್ಯಾಡೋ.
ತಮ್ಮ ಹೋದಾಗಿಂದ ಮೂರು ವರ್ಷ
ಇಟ್ಟಿದ್ದು ಉಂಡಾರ, ಹಾಸಿದಲ್ಲಿ ಬಿದ್ದಾರ.
ಒಮ್ಮೆ ಹಳಸಿದ ಬ್ಯಾಳಿ ಇಟ್ಟೀನಿ, ಬೇಕಂತಲೇ,
ಬೈತಾರೇನೋ ಅಂತ.
ಉಂಡು ಕೈ ತೊಳಕೊಂಡರು.
ಮೊನ್ನೆ ಜುಮ್ಮಾ ದಿನ ತಾಟು ಸರಿಸಿ
'ಉಪ್ಪು ಕಮ್ಮಿ' ಅಂದರು.
ನಾ ಒಲಿ ಮುಂದ ಕುಂತು ಅತ್ತೀನ್ರಿ."

ಪೆನ್ನು ಎತ್ತಿದವಳು ಹಾಗೇ ಕೂತೆ.
ನಾಲಿಗೆ ಕೆಟ್ಟು ಉಪ್ಪು ತಪ್ಪಿತೋ
ಮನಸ್ಸು ಎಚ್ಚತ್ತು ಉಪ್ಪು ಕೇಳಿತೋ?
ಒಂದೇ ಮಾತು. ಯಾವ ಚೌಕಕ್ಕೆ ಹಾಕಲಿ?

ಮೇಲಿನ ಮಹಡಿಯ ಡಾಕ್ಟರ್ ನುಝ್ಹತ್
ನನ್ನ ಹಳೆಯ ಫಾರ್ಮುಗಳನ್ನೆಲ್ಲ ಒಯ್ದು ಎಣಿಸುತ್ತಾರೆ,
ಇರುವುದನ್ನಲ್ಲ, ಇಲ್ಲದ್ದನ್ನು.
ಯಾವ ಗುಳಿಗೆ ನುಂಗಿದವರಲ್ಲಿ
ಬೇಸರ ಎಂದು ಬರೆಸಿದವರು ಲೆಕ್ಕಕ್ಕಿಂತ ಕಡಿಮೆ?
ಕೆಮ್ಮಿಗೋ ಕೀಲಿಗೋ ಕೊಟ್ಟದ್ದು
ಯಾರಿಗೂ ಹೇಳದೆ ಮನಸ್ಸಿನ ಬಾಗಿಲಿಗೂ ಎಣ್ಣೆ ಬಿಟ್ಟಿದ್ದರೆ
ಅದರ ಹೆಜ್ಜೆ ಈ ಖಾಲಿ ಜಾಗದಲ್ಲೇ ಸಿಗಬೇಕು, ಅನ್ನುತ್ತಾರೆ.

ನನಗೆ ನಗು ಬಂತು. ಸಿಟ್ಟೂ ಬಂತು.
ಡಾಕ್ಟರೇ, ಔರಾದದಿಂದ ಹುಮನಾಬಾದದ ತನಕ
ಬೇಸರ ಅಂತ ಬರೆಸಿದವರು ಯಾರು?
ಎದಿ ಮ್ಯಾಲ ಕಲ್ಲು ಅಂತಾರೆ.
ಕೈಕಾಲಿನಾಗ ಜೀವಿಲ್ಲ ಅಂತಾರೆ.
ನಮ್ಮವ್ವ ಹತ್ತೊಂಬತ್ತು ವರ್ಷ ಹೊಟ್ಟೆನೋವು ಅಂತಲೇ
ಇದೇ ಮೆಟ್ಟಿಲು ಹತ್ತಿದಳು.
ಅವಳ ಕಾಗದ ತೆಗೆದು ನೋಡಿ: ಆ ಚೌಕ ಖಾಲಿ.
ನಿಮ್ಮ ಲೆಕ್ಕದಲ್ಲಿ ಅವಳು ಸುಖಿ.

ಅವರು ತುಂಬ ಹೊತ್ತು ಮಾತಾಡಲಿಲ್ಲ.
ಲ್ಯಾಪ್‌ಟಾಪ್ ಮುಚ್ಚಿದರು.
ಕೆಳಗಿಳಿದು ಬಂದು, ರೋಗಿಗಳ ಸ್ಟೂಲಿನ ಮೇಲೆ ಕೂತು
"ಉಪ್ಪಿನ ವಿಷಯ ಇನ್ನೊಮ್ಮೆ ಹೇಳಿ" ಅಂದರು.

ಈಗ ಪ್ರತಿ ಫಾರ್ಮಿನ ಬೆನ್ನಿಗೆ ಪೆನ್ಸಿಲಿನಲ್ಲಿ
ಒಂದು ಗೆರೆ ಎಳೆಯುತ್ತೇನೆ: ಮನೆಯವರು ಕಂಡದ್ದು.
ಬಹಳ ಸಲ ಏನೂ ಇರುವುದಿಲ್ಲ.
ಒಬ್ಬಳು, ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗೋದು ಬಿಟ್ಟಳು ಅಂದಳು.
ಒಬ್ಬ, ಹೆಂಡತಿ ಮೊದಲಿಗಿಂತ ಹೆಚ್ಚು ಅಳ್ತಾಳೆ ಅಂದ. ಅದೇ ಗುಳಿಗೆ.
ಅದನ್ನೂ ಬರೆದೆ.

ಮೊನ್ನೆ ಚೌಬಾರಾದ ನೆರಳಲ್ಲಿ ರಬ್ಬಾನಿಬಿ ಸಿಕ್ಕಳು.
ಗುಳಿಗೆ ಮುಗಿದು ಆರು ವಾರ.
ಹುಣ್ಣು ಮಾಯ್ದಿದೆ, ನಾಲಿಗೆ ತಿರುಗಿದೆ,
ಹೂಜಿ ಕಪ್ಪಾಗಿ ಬೆಳ್ಳಿಯ ಬಳ್ಳಿ ಎದ್ದಿದೆ.
"ಮಾತು?" ಕೇಳಿದೆ.
ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಈಗ ನಾನೇ ಕಮ್ಮಿ ಹಾಕ್ತೀನ್ರಿ ಉಪ್ಪು.
ದಿನಾ.
ಅಂತಾರೇನೋ ಅಂತ."